ಅರ್ಜಿ ಕೊಟ್ಟು ಏನು ಉಪಯೋಗ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊರ ಪಕ್ಕದ ಫ್ಯಾಕ್ಟರಿ ರಾತ್ರಿ ಹೊತ್ತು ಹಳ್ಳಕ್ಕೆ ನೀರು ಬಿಡುತ್ತದೆ, ಬೋರ್‌ವೆಲ್ ನೀರು ನಾತ ಹೊಡೆಯುತ್ತದೆ, ಮೂರು ಅರ್ಜಿ ಕೊಟ್ಟರೂ ಯಾರೂ ಬಂದಿಲ್ಲ ಎಂದಿದ್ದೀರಿ. ಕೊನೆಗೆ, ‘ಪಕ್ಷಗಳಿಗೆ ದುಡ್ಡು ಕೊಡುವವರು ಅವರು. ಸರ್ಕಾರ ನಮ್ಮ ಮಾತು ಕೇಳುತ್ತಾ?’ ಎಂದು ಕೇಳಿದ್ದೀರಿ.

ಅವರ ಮಾತನ್ನೇ ಜಾಸ್ತಿ ಕೇಳುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಸುಮ್ನೆ ಧೈರ್ಯ ಹೇಳಲಾರೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿತಲ್ಲ, ಅಲ್ಲಿಯವರೆಗೆ ಬಾಂಡ್ ಮೂಲಕ ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಎಂದು ಮತ ಹಾಕುವ ನಮಗೆ ತಿಳಿಯುವ ದಾರಿಯೇ ಇರಲಿಲ್ಲ.

ಆದರೆ ಸರ್ಕಾರ ಕಂಪನಿಯ ಮಾತು ಕೇಳುವುದಷ್ಟೇ ಅಲ್ಲ, ಅದರ ಜೊತೆ ಪಾಲುದಾರನೇ ಆಗಿದ್ದ ಕಾಲವೊಂದಿತ್ತು. ನಮ್ಮ ತುಂಗಭದ್ರೆಯ ದಂಡೆಯಲ್ಲೇ ನಡೆದದ್ದು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾಯಿತು. ನೀಲಗಿರಿ ಮರದಿಂದ ರೇಯಾನ್ ಬಟ್ಟೆಗೆ ಬೇಕಾದ ತಿರುಳು ಮಾಡುವ ಕಾರ್ಖಾನೆ. ಜಲಮಾಲಿನ್ಯ ತಡೆಯುವ ಕಾಯ್ದೆ ಬಂದದ್ದೇ 1974ರಲ್ಲಿ. ಕಾಯ್ದೆ ಬಂದ ಮೇಲೂ ಕಂದು ಬಣ್ಣದ ನೀರು ನದಿಗೆ ಸೇರುತ್ತಲೇ ಇತ್ತು. ಎಂಬತ್ತರ ದಶಕದಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಬಲೆ ನಂಬಿ ಬದುಕಿದ್ದ ಮನೆಗಳ ಕೆಲಸ ಹೋಯಿತು. ಹೊಳೆಯಲ್ಲಿ ಇಳಿದವರಿಗೆ, ದನಕರುಗಳಿಗೆ ಚರ್ಮದ ಮೇಲೆ ಹುಣ್ಣು ಎಂದು ಜನ ದೂರಿದರು.

ದೂರು ಬರುತ್ತಿದ್ದ 1984ರಲ್ಲೇ ಸರ್ಕಾರ ಮಾಡಿದ್ದೇನು ಗೊತ್ತಾ? ಅದೇ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿತು. ಕಾರ್ಖಾನೆಗೆ ನೀಲಗಿರಿ ಬೆಳೆದುಕೊಡಲು 30,000 ಹೆಕ್ಟೇರ್ ಭೂಮಿ. ಹಳ್ಳಿಯವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಭೂಮಿ ಅದು. ಹೊಳೆ ಕೆಡಿಸಿದವರ ಮೇಲೆ ಕ್ರಮ ತಗೊಳ್ಳಬೇಕಾದವರೇ ಅವರ ಲಾಭಕ್ಕೆ ಪಾಲುದಾರರಾದರೆ ಮೀನುಗಾರ ಯಾರ ಬಾಗಿಲು ತಟ್ಟಬೇಕು? ನಿಮ್ಮ ಪ್ರಶ್ನೆಯೇ ಅಲ್ವಾ ಇದು?

ಆ ಜನ ಎಲ್ಲ ಬಾಗಿಲೂ ತಟ್ಟಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಅದರ ಎಸ್.ಆರ್. ಹಿರೇಮಠರು ಜೊತೆ ನಿಂತರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರಲ್ಲಿ ಕೋರ್ಟ್ ಕರ್ನಾಟಕ ಪಲ್ಪ್‌ವುಡ್‌ಗೆ ಇನ್ನಷ್ಟು ಭೂಮಿ ಕೊಡದಂತೆ ತಡೆಯಿತು. ಆ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಹಿಂಸೆ ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ನೂರು ನೀಲಗಿರಿ ಸಸಿ ಕಿತ್ತರು. ಕಿತ್ತ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಅದಕ್ಕೆ ಹೆಸರು. ಆ ಹೆಸರು ನನಗೆ ತುಂಬಾ ಇಷ್ಟ. ಬರೀ ಕಿತ್ತು ಬಂದಿದ್ದರೆ ಪುಂಡಾಟ ಎಂದು ಕೇಸು ಜಡಿದು ಮುಗಿಸುವುದು ಸುಲಭವಿತ್ತು. ನಮಗೆ ಬೇಕಾದ ಗಿಡ ಯಾವುದು ಎಂದು ಅವರು ನೆಟ್ಟೇ ತೋರಿಸಿದರು. 1991ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಿತು.

ಕಾರ್ಖಾನೆ ಮುಚ್ಚಲಿಲ್ಲ, ಅದನ್ನೂ ಹೇಳಬೇಕು. ಭೂಮಿ ಉಳಿದಷ್ಟು ಚೆನ್ನಾಗಿ ಹೊಳೆ ಉಳಿಯಲಿಲ್ಲ.

ಈಗ ನಿಮ್ಮ ಕೆಲಸ. ನಾಲ್ಕನೆಯ ಅರ್ಜಿಯಲ್ಲಿ ದೂರು ಬೇಡ, ದಾಖಲೆ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿ ಆ ಫ್ಯಾಕ್ಟರಿಗೆ ಕೊಟ್ಟ ಸಮ್ಮತಿ ಪತ್ರದ ಪ್ರತಿ, ತಪಾಸಣೆ ವರದಿಗಳ ಪ್ರತಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಎಷ್ಟು ನೀರು, ಎಲ್ಲಿಗೆ ಬಿಡಬಹುದು ಎಂದು ಸಮ್ಮತಿ ಪತ್ರದಲ್ಲಿ ಬರೆದಿರುತ್ತದೆ. ನೀವು ಬಾಟಲಿಯಲ್ಲಿ ತುಂಬಿಟ್ಟ ನೀರು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ; ಮಂಡಳಿಯ ಅಧಿಕಾರಿಯೇ ಬಂದು ಮಾದರಿ ತೆಗೆಯಲಿ ಎಂದು ಬರೆದು ಕೇಳಿ. ಒಬ್ಬರೇ ಸಹಿ ಹಾಕಬೇಡಿ, ಹಳ್ಳದ ಕೆಳಗಿನ ಊರಿನವರನ್ನೂ ಸೇರಿಸಿಕೊಳ್ಳಿ.

ಪ್ರತಿ ಕೈಗೆ ಬಂದ ದಿನ ನಮಗೂ ಒಂದು ಕಳಿಸಿ. ಬಾರದಿದ್ದರೆ ಮೂವತ್ತೊಂದನೆಯ ದಿನ ಫೋನ್ ಮಾಡಿ.

ಸಂಪಾದಕ