ಶಾಲೆಯಲ್ಲಿ ಸುಸ್ಸು ಕಟ್ಟಿಕೊಳ್ಳುವ ಮಗಳು

ಪ್ರಶ್ನೆ: ಮಗಳಿಗೆ 3 ವರ್ಷ. ಮನೆಯಲ್ಲಿ ಡೈಪರ್ ಬಿಟ್ಟಿದ್ದಾಳೆ, ಸುಸ್ಸು ಬಂದರೆ ಹೇಳುತ್ತಾಳೆ. ಪ್ಲೇಸ್ಕೂಲಿನಲ್ಲಿ ಮಾತ್ರ 9ರಿಂದ 1 ಗಂಟೆವರೆಗೂ ಕಟ್ಟಿಕೊಂಡೇ ಇದ್ದು ಕೊನೆಗೆ ಚಡ್ಡಿಯಲ್ಲೇ ಮಾಡಿಕೊಳ್ಳುತ್ತಾಳೆ. ಕಕ್ಕ 3 ದಿನಕ್ಕೊಮ್ಮೆ, ಅದೂ ಅತ್ತುಕೊಂಡು. ಮತ್ತೆ ಡೈಪರ್ ಹಾಕಿ ಕಳಿಸಿ ಅಂತಾರೆ ಮಿಸ್. ‘ಒಂದೇಟು ಕೊಟ್ರೆ ಸರಿಹೋಗ್ತಾಳೆ’ ಅಂತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ಏಟು ಬೇಡವೇ ಬೇಡಮ್ಮ. ಇದು ಹಟ ಅಲ್ಲ, ಭಯ.

ಮೊದಲು ಕಕ್ಕದ ವಿಷಯ ನೋಡಿ, ನನಗೆ ಅದೇ ಮುಖ್ಯ ಅನ್ನಿಸುತ್ತಿದೆ. ಒಂದು ಸಲ ಗಟ್ಟಿಯಾಗಿ ನೋವಾದರೆ ಮಗು ಮುಂದಿನ ಸಲ ತಡೆಯುತ್ತದೆ, ತಡೆದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗೆ ತುಂಬಿಕೊಂಡ ಕರುಳು ಮೂತ್ರಚೀಲವನ್ನು ಒತ್ತುವುದರಿಂದ ಚಡ್ಡಿ ಒದ್ದೆಯಾಗುವುದೂ ಜಾಸ್ತಿ. ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು, ಕಾಲು ಬಿಗಿಮಾಡಿ, ಮುಖ ಕೆಂಪಗೆ ಮಾಡಿಕೊಳ್ಳುತ್ತಾಳಾ? ನೋಡಿದವರಿಗೆ ತಿಣುಕುತ್ತಿದ್ದಾಳೆ ಅನ್ನಿಸುತ್ತದೆ, ನಿಜವಾಗಿ ತಡೆಯುತ್ತಿರುತ್ತಾಳೆ. ನೀರು, ಪಪ್ಪಾಯ, ಸೊಪ್ಪು, ನೆನೆಸಿ ಕಿವುಚಿದ ಒಣದ್ರಾಕ್ಷಿ ಕೊಡಿ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ಚುರುಕಾಗುತ್ತದೆ, ಹಾಗಾಗಿ ತಿಂಡಿಯಾದ ಮೇಲೆ 5 ನಿಮಿಷ ಕೂರಿಸಿ. ಕಮೋಡ್ ಆದರೆ ಕಾಲು ನೇತಾಡಬಾರದು, ಕೆಳಗೊಂದು ಮಣೆ ಇಡಿ. ವಾರ ಕಳೆದರೂ ಹೀಗೇ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಮೆತ್ತಗಾಗಲು ಸಿರಪ್ ಕೊಡುತ್ತಾರೆ. ಉರಿ, ಜ್ವರ, ರಕ್ತ ಕಂಡರೆ ಕಾಯಬೇಡಿ.

ಇನ್ನು ಶಾಲೆ. ಒಂದು ದಿನ ಮಗಳ ಕೈ ಹಿಡಿದು ಅಲ್ಲಿನ ಟಾಯ್ಲೆಟ್ಟಿಗೆ ನೀವೇ ಹೋಗಿ ಬನ್ನಿ. ಫ್ಲಶ್ ಸದ್ದೋ, ಒದ್ದೆ ನೆಲವೋ, ದೊಡ್ಡ ಸೀಟಿನೊಳಗೆ ಬಿದ್ದುಬಿಡ್ತೀನಿ ಅನ್ನೋ ಹೆದರಿಕೆಯೋ, ಅಲ್ಲೇ ಗೊತ್ತಾಗುತ್ತದೆ. ‘ಸುಸ್ಸು ಬಂತಾ?’ ಅಂತ ಕೇಳಿದರೆ ಆಟದಲ್ಲಿರುವ ಮಗು ಇಲ್ಲ ಅಂತಲೇ ಹೇಳೋದು ಅಲ್ವಾ, ಅದಕ್ಕೇ ಕೇಳದೆ, ಸ್ನ್ಯಾಕ್ಸ್‌ಗೆ ಮುಂಚೆ ಉಳಿದ ಮಕ್ಕಳ ಜೊತೆಗೇ ಕರೆದುಕೊಂಡು ಹೋಗಲು ಆಯಾಗೆ ಹೇಳಿ. ಸುಲಭವಾಗಿ ಜಾರಿಸಬಹುದಾದ ಎಲಾಸ್ಟಿಕ್ ಚಡ್ಡಿ ಹಾಕಿ, ಬಿಗಿ ಲೆಗ್ಗಿಂಗ್ಸ್ ಬೇಡ, ಬ್ಯಾಗಿನಲ್ಲಿ 2 ಜೊತೆ ಬಟ್ಟೆ ಇರಲಿ. ಅಷ್ಟು ಮಕ್ಕಳನ್ನು ನೋಡಿಕೊಳ್ಳುವ ಮಿಸ್ ಕಷ್ಟವೂ ನಿಜ, ಆದರೆ ಮನೆಯಲ್ಲಿ ಹೇಳಿ ಮಾಡುವ ಮಗುವಿಗೆ ಹಗಲು ಡೈಪರ್ ಹಾಕಿದರೆ ಕಲಿತದ್ದೂ ಹೋಗುತ್ತದೆ. ಯಾರಾದರೂ ‘ಶೇಮ್ ಶೇಮ್’ ಅಂತ ಆಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಆ ಮಾತು ಕೇಳಿದ ಮಗು ಮುಂದಿನ ಸಲ ಹೇಳುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ.

ರಾತ್ರಿ ಹಾಸಿಗೆ ಒದ್ದೆಯಾದರೆ 5 ವರ್ಷದವರೆಗೂ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಒಂದು ರಬ್ಬರ್ ಶೀಟ್ ಹಾಸಿ.