ಕೂಗದ ಧಣಿಗೆ ನಾವು ಯಾಕೆ ಹೆದರುತ್ತೇವೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಕೆಲವು ಸಿನಿಮಾಗಳಲ್ಲಿ ಜಮೀನ್ದಾರ ಎಷ್ಟು ಕೂಗಾಡಿದರೂ, ಎಷ್ಟು ಜನರಿಗೆ ಹೊಡೆದರೂ ನೋಡುವವರಿಗೆ ಏನೂ ಆಗುವುದಿಲ್ಲ. ಇನ್ನು ಕೆಲವುಗಳಲ್ಲಿ ಅವನು ಸುಮ್ನೆ ಕುರ್ಚಿಯಲ್ಲಿ ಕೂತಿದ್ದರೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಇದು ನಟನ ಶಕ್ತಿಯೋ, ಕ್ಯಾಮೆರಾದ ಕೆಲಸವೋ ಅಂತ ಕೇಳಿದ್ದೀರಿ.

ಎರಡೂ ಸೇರಿದ್ದು. ಆದರೆ ಮುಂದಿನ ಸಲ ಧಣಿಯನ್ನು ನೋಡಬೇಡಿ. ಅವನ ಎದುರಿಗೆ ನಿಂತವನನ್ನು ನೋಡಿ. ಭಯ ಹುಟ್ಟುವುದು ಅಲ್ಲಿ.

ಇದನ್ನು ನಾನು ಕಲಿತದ್ದು ನಾಟಕದಲ್ಲಿ. ಊರಿನ ಹವ್ಯಾಸಿ ತಂಡವೊಂದರಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಪಾತ್ರವೇ ಧಣಿಯದು. ನಾನು ಮೀಸೆ ತಿರುವಿದೆ, ಕಣ್ಣು ಕೆಂಪು ಮಾಡಿದೆ, ಗಂಟಲು ಹರಿಯುವಂತೆ ಕಿರುಚಿದೆ. ನಾಲ್ಕು ದಿನ ನೋಡಿದ ನಿರ್ದೇಶಕರು ನನ್ನನ್ನು ತಿದ್ದಲೇ ಇಲ್ಲ. ಆಳುಗಳ ಪಾತ್ರ ಮಾಡುತ್ತಿದ್ದ ಐದು ಜನರನ್ನು ಕರೆದು ಒಂದೇ ಮಾತು ಹೇಳಿದರು: "ಧಣಿಯ ಬಲಗೈ ಎಲ್ಲಿದೆ ಅನ್ನುವುದು ನಿಮಗೆ ಯಾವಾಗಲೂ ಗೊತ್ತಿರಬೇಕು. ಬೆನ್ನು ತಿರುಗಿಸಿ ಕಸ ಗುಡಿಸುವಾಗಲೂ ಗೊತ್ತಿರಬೇಕು." ನನಗೆ ಸಿಕ್ಕ ಸೂಚನೆ ಇಷ್ಟೇ: ಸುಮ್ನೆ ಕೂತು ಎಲೆಗೆ ಸುಣ್ಣ ಹಚ್ಚು.

ಮರುದಿನದ ತಾಲೀಮಿನಲ್ಲಿ ನಾನು ಅಡಿಕೆ ತಟ್ಟೆಯ ಕಡೆ ಕೈ ಚಾಚಿದೆ. ಐದು ಜನರ ಭುಜಗಳು ಒಟ್ಟಿಗೆ ಸ್ವಲ್ಪ ಬಿಗಿಯಾದವು. ನಾನು ಏನೂ ಮಾಡಿರಲಿಲ್ಲ. ಆದರೂ ಆ ಕ್ಷಣ ನನಗೇ ನನ್ನ ಕೈ ಕಂಡರೆ ಭಯವಾಯಿತು.

ಸಿನಿಮಾದಲ್ಲಿ ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ 'ವಿಧೇಯನ್'. ಅಡೂರು ಗೋಪಾಲಕೃಷ್ಣನ್ ನಿರ್ದೇಶಿಸಿದ ಮಲಯಾಳ ಚಿತ್ರ ಇದು. ಕಥೆ ಪಾಲ್ ಝಕಾರಿಯಾ ಅವರದು. ಭಾಷೆ ಮಲಯಾಳವಾದರೂ ಕಥೆ ನಡೆಯುವುದು ನಮ್ಮ ದಕ್ಷಿಣ ಕನ್ನಡದಲ್ಲಿ. ಸಂಗೀತ ಕೂಡ ನಮ್ಮ ವಿಜಯಭಾಸ್ಕರ್ ಅವರದು. ಕೇರಳದಿಂದ ಕೂಲಿ ಹುಡುಕಿಕೊಂಡು ಬಂದ ತೊಮ್ಮಿ, ಊರನ್ನೇ ಮುಷ್ಟಿಯಲ್ಲಿ ಇಟ್ಟುಕೊಂಡ ಭಾಸ್ಕರ ಪಟೇಲ, ಇವರಿಬ್ಬರ ಕಥೆ. ಪಟೇಲನಾಗಿ ಮಮ್ಮೂಟ್ಟಿ, ತೊಮ್ಮಿಯಾಗಿ ಎಂ. ಆರ್. ಗೋಪಕುಮಾರ್.

ಇಲ್ಲಿ ಒಂದು ವಿಷಯ ಗಮನಿಸಿ. ಪಟೇಲಿಕೆಯಂಥ ವಂಶಪಾರಂಪರ್ಯ ಗ್ರಾಮಾಧಿಕಾರದ ಹುದ್ದೆಗಳನ್ನು ರದ್ದು ಮಾಡುವ ಕಾನೂನು ನಮ್ಮ ರಾಜ್ಯದಲ್ಲಿ 1961ರಲ್ಲೇ ಬಂತು. ಭಾಸ್ಕರ ಪಟೇಲನ ಕೈಯಲ್ಲೂ ಈಗ ಸರ್ಕಾರ ಕೊಟ್ಟ ಅಧಿಕಾರ ಇಲ್ಲ. ಉಳಿದಿರುವುದು ಒಂದು ಕೋವಿ, ಒಂದಿಷ್ಟು ಚೇಲಾಗಳು ಮತ್ತು ಜನರ ಮೈಯಲ್ಲಿ ಕೂತ ರೂಢಿ. ಹುದ್ದೆ ಹೋಗಿದೆ, ಬಾಗಿದ ಬೆನ್ನು ಹೋಗಿಲ್ಲ. ಹಾಗಾಗಿ ಈ ಅಧಿಕಾರವನ್ನು ಕಾಗದ ಪತ್ರದಲ್ಲಿ ತೋರಿಸಲು ಬರುವುದಿಲ್ಲ. ತೊಮ್ಮಿಯ ಬೆನ್ನಲ್ಲೇ ತೋರಿಸಬೇಕು.

ಗೋಪಕುಮಾರ್ ಅದನ್ನು ಹೇಗೆ ಮಾಡುತ್ತಾರೆ ನೋಡಿ. ಶುರುವಿನಲ್ಲೇ ಪಟೇಲ ತೊಮ್ಮಿಯನ್ನು ಒದೆಯುತ್ತಾನೆ, ಮುಖಕ್ಕೆ ಉಗಿಯುತ್ತಾನೆ. ಯಾವ ನಟನಿಗಾದರೂ ಅಲ್ಲಿ ಅಳುವ ಆಸೆ ಆಗುತ್ತದೆ. ನೋಡುವವರ ಕನಿಕರ ಗಳಿಸುವ ಸುಲಭದ ದಾರಿ ಅದು. ಆದರೆ ತೊಮ್ಮಿಯ ಮುಖದಲ್ಲಿ ನನಗೆ ಕಂಡದ್ದು ಅವಮಾನಕ್ಕಿಂತ ಜಾಸ್ತಿ ಒಂದು ಲೆಕ್ಕಾಚಾರ. ಇವನಿಗೆ ಈಗ ಏನು ಬೇಕು, ನಾನು ಹೇಗಿದ್ದರೆ ಮುಂದಿನ ಒದೆ ತಪ್ಪುತ್ತದೆ? ದಿನವೂ ಹೆದರಿಕೊಂಡು ಬದುಕುವವರಿಗೆ ಅಳಲು ಪುರುಸೊತ್ತು ಇರುವುದಿಲ್ಲ. ಅವರು ಒಡೆಯನ ಮುಖವನ್ನು ಓದುತ್ತಿರುತ್ತಾರೆ.

ಆಮೇಲೆ ಪಟೇಲ ತೊಮ್ಮಿಯ ಹೆಂಡತಿ ಓಮನಳ ಮೇಲೆ ಕೈಹಾಕುತ್ತಾನೆ. ತೊಮ್ಮಿ ಮೊದಲು ಕುದಿಯುತ್ತಾನೆ. ದಿನ ಕಳೆದಂತೆ ಹೆಂಡತಿಯ ಮೈಯಿಂದ ಬರುವ ಪಟೇಲನ ಸೆಂಟಿನ ವಾಸನೆ ತನಗೆ ಇಷ್ಟ ಅನ್ನುವ ಮಟ್ಟಕ್ಕೆ ಬಂದು ಮುಟ್ಟುತ್ತಾನೆ. ಇಡೀ ಸಿನಿಮಾದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ವಾಸನೆಯನ್ನು ಕ್ಯಾಮೆರಾ ಹಿಡಿಯಲಾರದು. ಆ ಮಾತನ್ನು ನಾವು ನಂಬುವುದು ಹೇಳುವವನ ಮುಖ ನೋಡಿ. ಪಟೇಲ ಅವನ ಮನೆಯೊಳಗೆ ಮಾತ್ರ ಅಲ್ಲ, ಅವನ ಮೂಗಿನೊಳಗೂ ಬಂದು ಕೂತಿದ್ದಾನೆ ಅನ್ನುವುದು ಅಲ್ಲಿ ತಿಳಿಯುತ್ತದೆ.

ಹಾಗಂತ ಮಮ್ಮೂಟ್ಟಿ ಕೆಲಸ ಕಡಿಮೆ ಅಲ್ಲ. ಅವರು ಆಡುವುದು ಕನ್ನಡದ ಛಾಯೆ ಇರುವ ಮಲಯಾಳ. ಗಡಿ ಕಡೆಯವರಾದ ನಮಗೆ ಆ ದನಿ ಕಿವಿಗೆ ಬಿದ್ದ ಕೂಡಲೇ ಮನುಷ್ಯ ಯಾರು ಅಂತ ಗೊತ್ತಾಗುತ್ತದೆ. ತೊಮ್ಮಿಗೆ ಮಾತ್ರ ಅದು ಪರಊರಿನ ದನಿ, ಊರಿನ ಒಡೆಯನ ದನಿ. ಭಾಷೆಯ ಆ ಸಣ್ಣ ಅಂತರದಲ್ಲೂ ಅಧಿಕಾರ ಇದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಮಮ್ಮೂಟ್ಟಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 'ವಿಧೇಯನ್' ಒಂದಕ್ಕೇ ಅಲ್ಲ, 'ಪೊಂದನ್ ಮಾಡ' ಅನ್ನುವ ಚಿತ್ರಕ್ಕೂ ಸೇರಿಸಿ. ಟಿ. ವಿ. ಚಂದ್ರನ್ ನಿರ್ದೇಶಿಸಿದ ಆ ಚಿತ್ರದಲ್ಲಿ ಅವರು ಕೆಳಜಾತಿಯ ಆಳು. ಧಣಿಯಾಗಿ ನಾಸಿರುದ್ದೀನ್ ಶಾ. ಒಬ್ಬನೇ ನಟ, ಅದೇ ಎತ್ತರ, ಅದೇ ಅಗಲ ಭುಜ. ಒಂದರಲ್ಲಿ ಆ ಮೈ ಊರನ್ನು ನಡುಗಿಸುತ್ತದೆ, ಇನ್ನೊಂದರಲ್ಲಿ ಅದೇ ಮೈ ಕುಗ್ಗಿ ಸಣ್ಣದಾಗುತ್ತದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಅಧಿಕಾರ ಮೈಕಟ್ಟಿನಲ್ಲಿ ಇಲ್ಲ ಅನ್ನುವುದು ನನ್ನ ಇಷ್ಟು ಮಾತಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟು ಹೊತ್ತು ಹೆದರುವವನ ಬಗ್ಗೆ ಹೇಳಿದೆ. ಹೆದರಿಸುವವನೂ ಹೆದರಿರಬಹುದು. ಅದಕ್ಕೆ 1974ರ 'ಅಂಕುರ್' ನೋಡಬೇಕು. ಶ್ಯಾಮ್ ಬೆನಗಲ್ ಅವರ ಮೊದಲ ಕಥಾಚಿತ್ರ, ತೆಲಂಗಾಣದ ಹಳ್ಳಿಯ ಕಥೆ. ಅದರಲ್ಲಿ ಜಮೀನ್ದಾರನ ಮಗ ಸೂರ್ಯನಾಗಿ ನಮ್ಮ ಅನಂತನಾಗ್. ನೋಡಲು ಮೃದು ಹುಡುಗ, ಓದಿದವನು, ಜಾತಿ ಗೀತಿ ನೋಡುವುದಿಲ್ಲ ಅನ್ನುವವನು. ಕೆಲಸದ ಹೆಂಗಸು ಲಕ್ಷ್ಮಿ ಅವನಿಂದ ಬಸುರಾಗುತ್ತಾಳೆ. ಊರು ಬಿಟ್ಟು ಹೋಗಿದ್ದ ಅವಳ ಗಂಡ ಕಿಷ್ಟಯ್ಯ, ಕಿವಿ ಕೇಳದ, ಮಾತು ಬಾರದ ಮನುಷ್ಯ, ಒಂದು ದಿನ ವಾಪಸ್ ಬರುತ್ತಾನೆ. ಕೈಯಲ್ಲಿ ಕೋಲು ಹಿಡಿದು ಕೆಲಸ ಕೇಳಲು ಧಣಿಯ ಮನೆ ಕಡೆ ನಡೆಯುತ್ತಾನೆ. ಸೂರ್ಯನಿಗೆ ಕಾಣುವುದು ಕೋಲು ಮಾತ್ರ. ಸೇಡಿಗೆ ಬಂದ ಅಂದುಕೊಂಡು ಅವನನ್ನು ಹಿಡಿಸಿ ಬಾರಿಸುತ್ತಾನೆ.

ಆ ದೃಶ್ಯದಲ್ಲಿ ಅನಂತನಾಗ್ ಅವರನ್ನು ನೋಡಿ. ಅಲ್ಲಿ ಗತ್ತು ಇಲ್ಲ. ಗಾಬರಿ ಇದೆ. ಹೊಡೆಯುತ್ತಿರುವವನ ಮುಖವೇ ಹೆಚ್ಚು ಬಿಳಿಚಿಕೊಂಡಿದೆ. ಲಕ್ಷ್ಮಿಯಾದ ಶಬಾನಾ ಆಜ್ಮಿ ಓಡಿ ಬಂದು ಶಾಪ ಹಾಕುವಾಗ ಅವನು ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಒಳಗೆ ಹೆದರಿ ನಿಂತ ಆ ಹುಡುಗನ ಮೇಲೆ ನಮಗೆ ಒಂದು ಕ್ಷಣ ಕನಿಕರ ಬಂದುಬಿಡುತ್ತದೆ, ಅದೇ ಕ್ಷಣ ನಮ್ಮ ಮೇಲೆ ನಮಗೇ ಸಿಟ್ಟು ಬರುತ್ತದೆ. ಯಾಕೆ ಅಂದರೆ ಏಟು ತಿಂದವನು ಹೊರಗೆ ಬಿದ್ದಿದ್ದಾನೆ. ಅವನ ಪಾತ್ರ ಮಾಡಿದ ಸಾಧು ಮೆಹರ್‌ಗೆ ಇಡೀ ಚಿತ್ರದಲ್ಲಿ ಆಡಲು ಒಂದು ಮಾತೂ ಇಲ್ಲ. ಆ ವರ್ಷದ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ಅವರಿಗೆ.

ಈಗ ಕ್ಯಾಮೆರಾಗೆ ಬರೋಣ. ಕೆಳಗಿನಿಂದ ತೆಗೆದರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ, ಮೇಲಿನಿಂದ ತೆಗೆದರೆ ಸಣ್ಣವನಾಗಿ ಕಾಣುತ್ತಾನೆ. ಇದು ಎಲ್ಲರಿಗೂ ಗೊತ್ತು. ಆದರೆ ಈ ವಿದ್ಯೆಯನ್ನು ಎಷ್ಟು ಉಜ್ಜಿದ್ದಾರೆ ಅಂದರೆ ಈಗ ಅದು ಉಲ್ಟಾ ಹೊಡೆಯುತ್ತದೆ. ಧಣಿಯ ಚಪ್ಪಲಿಯಿಂದ ಶುರುವಾಗಿ ನಿಧಾನಕ್ಕೆ ಮೇಲೇರುವ ಶಾಟ್, ಹಿಂದೆ ಡ್ರಮ್ಸು, ಜೀಪಿನ ಧೂಳು. ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಜನ ಅವನಿಗೆ ಹೆದರುವುದಿಲ್ಲ, ಅವನಾಗಲು ಆಸೆಪಡುತ್ತಾರೆ. ದಬ್ಬಾಳಿಕೆ ತೋರಿಸುತ್ತೇನೆ ಅಂತ ಹೊರಟ ಸಿನಿಮಾ ಕೊನೆಗೆ ದಬ್ಬಾಳಿಕೆಯ ಜಾಹೀರಾತು ಆಗುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಹೆಣ್ಣಿನ ಮೇಲಿನ ದೌರ್ಜನ್ಯದ ದೃಶ್ಯಗಳಲ್ಲಿ ಇದು ಇನ್ನೂ ಕೆಟ್ಟದಾಗುತ್ತದೆ. ಕ್ಯಾಮೆರಾ ಅವಳ ಮುಖ ಬಿಟ್ಟು ಮೈ ಮೇಲೆ ಓಡಾಡತೊಡಗಿದರೆ ಅದು ಹಿಂಸೆ ಮಾಡುವವನ ಕಣ್ಣೇ ಆಯಿತು. ನಮ್ಮನ್ನೂ ಆ ಕಣ್ಣಿನ ಹಿಂದೆ ಕೂರಿಸಿದ ಹಾಗೆ ಆಯಿತು.

ನನ್ನ ಪ್ರಕಾರ ಕೋನಕ್ಕಿಂತ ಮುಖ್ಯವಾದದ್ದು ಜಾಗ. ಇಬ್ಬರ ನಡುವೆ ಎಷ್ಟು ನೆಲ ಖಾಲಿ ಇದೆ ಅನ್ನುವುದು. ನಮ್ಮಲ್ಲಿ ಜಾತಿ ಅನ್ನುವುದೇ ದೂರದ ಲೆಕ್ಕ. ಯಾರು ಜಗಲಿವರೆಗೆ ಬರಬಹುದು, ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಅಂಗಳಕ್ಕೂ ಕಾಲಿಡದೆ ಆಚೆಯಿಂದಲೇ ಕೂಗಬೇಕು. ಧಣಿ ಮತ್ತು ಆಳಿನ ಮಾತುಕತೆಯನ್ನು ಒಮ್ಮೆ ಧಣಿಯ ಮುಖ, ಒಮ್ಮೆ ಆಳಿನ ಮುಖ ಅಂತ ಹತ್ತಿರದಿಂದ ಕತ್ತರಿಸಿ ತೋರಿಸಿದರೆ ಇಬ್ಬರ ಮುಖವೂ ಪರದೆ ಮೇಲೆ ಒಂದೇ ಗಾತ್ರ. ನಡುವಿನ ನೆಲ ಮಾಯ. ಜಾತಿಯೂ ಮಾಯ. ಹಾಗಾಗಿ ಇಂಥ ಕಡೆ ದೂರದಿಂದ ತೆಗೆದ, ಬೇಗ ಕತ್ತರಿಸದ ಶಾಟ್ ಬೇಕು. ಮನುಷ್ಯ ಕಾಯುವುದನ್ನು ನಾವೂ ಕಾದು ನೋಡಬೇಕು.

'ಚೋಮನ ದುಡಿ'ಯ ಕಥೆ ಪೂರ್ತಿ ಈ ದೂರದ ಮೇಲೆ ನಿಂತಿದೆ. ಶಿವರಾಮ ಕಾರಂತರ ಕಾದಂಬರಿ, ಬಿ. ವಿ. ಕಾರಂತರು 1975ರಲ್ಲಿ ಮಾಡಿದ ಚಿತ್ರ. ಚೋಮನಿಗೆ ಎತ್ತು ಇದೆ, ದುಡಿಯುವ ಮೈ ಇದೆ, ಬೇಸಾಯದ ಆಸೆ ಇದೆ. ಹೊಲೆಯ ಅನ್ನುವ ಕಾರಣಕ್ಕೆ ಭೂಮಿ ಮಾತ್ರ ಇಲ್ಲ. ಅವನ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ, ಮುಟ್ಟುವವರು ಇಲ್ಲ. ದಡಕ್ಕೂ ನೀರಿಗೂ ಇರುವ ಕೆಲವೇ ಮಾರು ದೂರ ಒಂದು ಮಗುವಿನ ಜೀವ ತೆಗೆಯುತ್ತದೆ.

ಆದರೆ ಆ ಚಿತ್ರದಲ್ಲಿ ನನಗೆ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ ಅನ್ನಿಸಿತು. ಚೋಮನಾಗಿ ಎಂ. ವಿ. ವಾಸುದೇವರಾವ್. ಅವರಿಗೂ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಧಣಿಯ ಮುಂದೆ ಹೊರಡದ ದನಿ ಗುಡಿಸಲಿನಲ್ಲಿ ದುಡಿಯಿಂದ ಹೊರಡುತ್ತದೆ. ದುಡಿ ಬಾರಿಸುವಾಗ ಮಾತ್ರ ಅವನು ಯಾರಿಗೂ ಬಾಗಿಲ್ಲ. ನಟನ ಕೈ ಮತ್ತು ಸೌಂಡ್ ಟ್ರ್ಯಾಕ್ ಎರಡೂ ಸೇರಿ ಆ ಮನುಷ್ಯನ ಮನಸ್ಸನ್ನು ಹೇಳುತ್ತವೆ. ಒಂದು ಭಾಷಣವೂ ಬೇಕಾಗುವುದಿಲ್ಲ.

ಧಣಿಯೇ ಇಲ್ಲದ ದಬ್ಬಾಳಿಕೆಯೂ ಇದೆ ಅಲ್ವಾ? ಗಿರೀಶ್ ಕಾಸರವಳ್ಳಿ ಅವರ 'ತಬರನ ಕಥೆ'ಯಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಪಿಂಚಣಿಗಾಗಿ ಅಲೆಯುವ ಮುದುಕ, ಮೇಜುಗಳು, ಕಡತಗಳು, ನಾಳೆ ಬಾ ಅನ್ನುವ ಗುಮಾಸ್ತರು. ಅಲ್ಲಿರುವ ಒಬ್ಬೊಬ್ಬರೂ ಸಾಧಾರಣ ಮನುಷ್ಯರು. ಚಾರುಹಾಸನ್ ಅವರ ತಬರ ಎಷ್ಟು ನಂಬಿಕೆಯಿಂದ ಪ್ರತಿ ಮೇಜಿನ ಮುಂದೆ ನಿಲ್ಲುತ್ತಾನೆ ಅಂದರೆ, ಆ ನಂಬಿಕೆಯನ್ನು ನೋಡುವುದೇ ಕಷ್ಟ.

ನಿಮಗೆ ಅಭ್ಯಾಸಕ್ಕೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಇವುಗಳಲ್ಲಿ ಯಾವುದಾದರೂ ಒಂದು ದೃಶ್ಯವನ್ನು ದನಿ ಬಂದ್ ಮಾಡಿ ನೋಡಿ. ಯಾರು ಯಾರನ್ನು ಕಾಯುತ್ತಿದ್ದಾರೆ? ಯಾರು ಇನ್ನೊಬ್ಬರ ಕೈ ಮೇಲೆ ಕಣ್ಣಿಟ್ಟಿದ್ದಾರೆ? ಆಮೇಲೆ ಪರದೆಗೆ ಬೆನ್ನು ಹಾಕಿ ಅದೇ ದೃಶ್ಯವನ್ನು ಬರೀ ಕಿವಿಯಿಂದ ಕೇಳಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರಕ್ಕಿಂತ ಒಳ್ಳೆಯ ಉತ್ತರ ಸಿಗಬಹುದು.

ಕೊನೆಗೆ ನಮ್ಮ ಅಜ್ಜನ ವಿಷಯ. ಅವರು ಗೇಣಿ ಒಕ್ಕಲು. ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ (ಗೇಣಿಯ ಭೂಮಿ ತನಗೆ ಸೇರಬೇಕು ಅನ್ನುವ ಅರ್ಜಿ) ಹಾಕಿ ಎರಡು ಎಕರೆ ಅವರ ಹೆಸರಿಗೆ ಆಯಿತು. ಅದಾಗಿ ಎಷ್ಟೋ ವರ್ಷ ಕಳೆದ ಮೇಲೂ ಹಳೇ ಧಣಿಯ ಮನೆ ದಾಟುವಾಗ ಅವರ ಕೈ ತಾನಾಗಿ ಹೆಗಲ ಮೇಲಿನ ಬೈರಾಸಿಗೆ, ಅಂದರೆ ಟವೆಲಿಗೆ, ಹೋಗುತ್ತಿತ್ತು. ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಆಗ ಯಾರೂ ವಾಸ ಇರಲಿಲ್ಲ. ಮುಂದೆ ನಾನು ಬೇರೊಂದು ನಾಟಕದಲ್ಲಿ ಆಳಿನ ಪಾತ್ರ ಮಾಡಿದಾಗ ಕದ್ದದ್ದು ಇದೇ ಕೈಯನ್ನು.

ಅವರಿಗೆ ಮಲಯಾಳ ಅಲ್ಪಸ್ವಲ್ಪ ಬರುತ್ತಿತ್ತು. ಒಂದು ಮಧ್ಯಾಹ್ನ ಜೊತೆಗೆ ಕೂರಿಸಿಕೊಂಡು 'ವಿಧೇಯನ್' ತೋರಿಸಿದೆ. ಒದೆ ಬಿದ್ದಾಗ, ಕೊಲೆ ಆದಾಗ ಅವರು ಏನೂ ಹೇಳಲಿಲ್ಲ. ಕೊನೆಯಲ್ಲಿ ಪಟೇಲ ಸಾಯುತ್ತಾನೆ, ತೊಮ್ಮಿ ಅವನ ಕೋವಿಯನ್ನು ನೀರಿಗೆ ಎಸೆದು ಓಡುತ್ತಾನೆ. ನನಗೆ ಎದೆ ಹಗುರಾಗಿತ್ತು. ಅಜ್ಜ ಟಿವಿಯನ್ನೇ ನೋಡುತ್ತಾ ಕೇಳಿದರು: "ಇನ್ನು ಅವ ಎಲ್ಲಿಗೆ ಹೋಗುವುದು?"