ಸ್ಕ್ಯಾನ್‌ನಲ್ಲಿ ಕಾಣದ ಗಡ್ಡೆಗೂ ಆಪರೇಷನ್ ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಲಿವರ್‌ಗೆ ಹರಡಿದ ಕ್ಯಾನ್ಸರ್ ಬಗ್ಗೆಯೇ ಇವೆ. ಹೋದ ಸಲವೂ ಇವನ್ನೇ ಕೇಳಿದ್ದಿರಿ. ಹಾಗಾಗಿ ಒಂದಕ್ಕೆ ಉದ್ದ ಉತ್ತರ, ಮಿಕ್ಕಿದ್ದಕ್ಕೆ ಚುಟುಕು.

ನಮ್ಮ ತಾಯಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಆಗಲೇ ಲಿವರ್‌ನಲ್ಲಿ ನಾಲ್ಕು ಗಡ್ಡೆ ಇದ್ದವು. ಆರು ಕೀಮೋ ಆದಮೇಲೆ ಎರಡೇ ಕಾಣ್ತಿವೆ. ಈಗಲೇ ಲಿವರ್ ಆಪರೇಷನ್ ಮಾಡಿಸಿ ಅಂತಾರೆ ಡಾಕ್ಟರು. ಇನ್ನಾರು ಕೀಮೋ ಕೊಟ್ಟರೆ ಉಳಿದೆರಡೂ ಕರಗಲ್ವಾ? ನಾಲ್ಕನೇ ಸ್ಟೇಜ್‌ಗೆ ಆಪರೇಷನ್ನೇ ಇಲ್ಲ ಅಂತ ನೆಂಟರು ಬೇರೆ ಹೇಳ್ತಿದ್ದಾರೆ.

ಮೊದಲು ನೆಂಟರನ್ನು ಬದಿಗಿಡಿ. ಕರುಳಿನ ರಕ್ತವೆಲ್ಲ ಪೋರ್ಟಲ್ ವೇನ್ ಅನ್ನುವ ರಕ್ತನಾಳ ಹಿಡಿದು ಮೊದಲು ಲಿವರ್‌ಗೇ ಬರುತ್ತದೆ. ಹಾಗಾಗಿ ಅಲ್ಲಿಂದ ಹೊರಟ ಕ್ಯಾನ್ಸರ್ ಎಷ್ಟೋ ಜನರಲ್ಲಿ ಲಿವರ್‌ನಲ್ಲೇ ತಡೆದು ನಿಂತಿರುತ್ತದೆ. ಅದನ್ನು ಪೂರ್ತಿ ತೆಗೆಯಲು ಆದರೆ, ತೆಗೆಸಿಕೊಂಡ 100 ಜನರಲ್ಲಿ ಸುಮಾರು 40 ಜನ ಐದು ವರ್ಷ ದಾಟುತ್ತಾರೆ. ಕೆಲವರಿಗೆ ಪೂರ್ತಿ ವಾಸಿಯೂ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಮತ್ತೆ ಬರುತ್ತದೆ, ಅದನ್ನೂ ಮುಚ್ಚಿಡಲ್ಲ. ಬಂದರೂ ಕೆಲವರಿಗೆ ಎರಡನೇ ಸಲ ತೆಗೆಯಬಹುದು.

ಇನ್ನು ಕರಗುವ ಮಾತು. ತೋಟದಲ್ಲಿ ಜೇಕಿಗೆ ಔಷಧಿ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಹುಲ್ಲು ಒಣಗುತ್ತದೆ, ಮಣ್ಣೊಳಗೆ ಗಡ್ಡೆ ಹಾಗೇ ಇರುತ್ತದೆ. ಸ್ಕ್ಯಾನ್‌ನಿಂದ ಮಾಯವಾದ ಜಾಗ ಕತ್ತರಿಸಿ ಲ್ಯಾಬ್‌ಗೆ ಕಳಿಸಿದರೆ ಬಹಳ ಸಲ ಜೀವಂತ ಕ್ಯಾನ್ಸರ್ ಕಣಗಳು ಸಿಗುತ್ತವೆ. ಕತ್ತರಿಸದೆ ಬಿಟ್ಟರೆ ಎಷ್ಟೋ ಸಲ ಅಲ್ಲೇ ಮತ್ತೆ ಚಿಗುರುತ್ತವೆ. ಕೀಮೋ ಚೆನ್ನಾಗಿ ನಾಟಿದೆ ಅನ್ನೋದು ಒಳ್ಳೇ ಸುದ್ದಿಯೇ. ಆದರೆ ನಾಲ್ಕೂ ಮಾಯವಾದರೆ ನೀವು ಸಿಹಿ ಹಂಚುತ್ತೀರಿ, ನಾನು ತಲೆ ಕೆರೆದುಕೊಳ್ಳುತ್ತೇನೆ. ಹೊಟ್ಟೆ ತೆರೆದು, ಲಿವರ್ ಮೇಲೆ ಅಲ್ಟ್ರಾಸೌಂಡ್ ಇಟ್ಟು, ಎದುರಿಗೆ ಹಳೇ ಸ್ಕ್ಯಾನ್ ಹಾಕಿಕೊಂಡು, 'ಈ ರಕ್ತನಾಳದ ಎಡಕ್ಕೆ ಎರಡು ಸೆಂಟಿಮೀಟರ್' ಅಂತ ಹುಡುಕಬೇಕು. ಆ ಹಳೇ ಸ್ಕ್ಯಾನನ್ನೇ ಜನ ತಂದಿರೋದಿಲ್ಲ! ರಿಪೋರ್ಟಿನ ಹಾಳೆ ತರುತ್ತಾರೆ, ಸಿಡಿ ಮನೆಯಲ್ಲಿ ಬಿಟ್ಟು ಬರುತ್ತಾರೆ. ಕೀಮೋ ಶುರುವಾಗುವ ಮುಂಚಿನ ಸಿಡಿ ಬೇಕು. ಹಾಳೆಯನ್ನು ನೀವೇ ಇಟ್ಟುಕೊಳ್ಳಿ.

ಇನ್ನಾರು ಕೀಮೋ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಕೀಮೋ ಲಿವರ್‌ಗೆ ಮಾಡುವ ಗಾಯ. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ ಜಾಸ್ತಿ ಸಲ ಕೊಟ್ಟ ಲಿವರ್ ಮುಟ್ಟಿದರೇ ಗೊತ್ತಾಗುತ್ತದೆ. ಕಂದುಗೆಂಪು ಇರಬೇಕಾದದ್ದು ನೀಲಿಗಟ್ಟಿರುತ್ತದೆ, ಊದಿ ಬಿಗಿದಿರುತ್ತದೆ, ಕತ್ತರಿಸಿದ ಕಡೆಯೆಲ್ಲ ರಕ್ತ ಜಿನುಗುತ್ತದೆ. ಇರಿನೋಟೆಕಾನ್ ಅನ್ನುವ ಇನ್ನೊಂದು ಔಷಧಿ ಆದರೆ ಕೊಬ್ಬು ತುಂಬಿ ಹಳದಿ. ಆರೋಗ್ಯವಾದ ಲಿವರ್‌ನಲ್ಲಿ 20 ಪರ್ಸೆಂಟ್ ಉಳಿಸಿದರೂ ನಡೆಯುತ್ತದೆ, ಕೆಲವು ವಾರಗಳಲ್ಲೇ ಬೆಳೆದುಕೊಳ್ಳುತ್ತದೆ. ಹೀಗೆ ದಣಿದ ಲಿವರ್‌ಗೆ 30 ಆದರೂ ಬೇಕು. ನಾನು ಹೆದರುಪುಕ್ಕಲ, 35 ಕೇಳುತ್ತೇನೆ. ಉಳಿಯೋದು ಕಮ್ಮಿ ಅನ್ನಿಸಿದರೆ ತೆಗೆಯಬೇಕಾದ ಭಾಗದ ಪೋರ್ಟಲ್ ವೇನ್ ಕೊಂಬೆಯನ್ನು ಮೊದಲೇ ಮುಚ್ಚುತ್ತೇವೆ. ರಕ್ತ ಇನ್ನೊಂದು ಕಡೆಗೆ ಹರಿದು, ನಾಲ್ಕಾರು ವಾರದಲ್ಲಿ ಆ ಭಾಗ ದಪ್ಪವಾಗುತ್ತದೆ. ಆಮೇಲೆ ಆಪರೇಷನ್.

ನಿಮ್ಮ ಡಾಕ್ಟರು ಸರಿಯಾದ ಹೊತ್ತಿಗೆ ಹೇಳಿದ್ದಾರೆ. ಕೊನೇ ಕೀಮೋ ಆಗಿ ನಾಲ್ಕರಿಂದ ಆರು ವಾರಕ್ಕೆ ಆಪರೇಷನ್ ಆದರೆ ಒಳ್ಳೇದು. ಕೀಮೋ ಜೊತೆ ಬೆವಾಸಿಜುಮಾಬ್ ಅನ್ನುವ ಔಷಧಿ ಕೊಟ್ಟಿದ್ದರೆ ಆರು ವಾರ ಪೂರ್ತಿ ಕಳೆಯಲಿ. ಗಾಯ ಮಾಯಲು ಅದು ಅಡ್ಡ ಬರುತ್ತದೆ. ಮಾಡುವವರು ಲಿವರ್ ಸರ್ಜರಿಯನ್ನೇ ದಿನವೂ ಮಾಡುವವರಾಗಿರಲಿ. ಹರ್ನಿಯಾ, ಪಿತ್ತಕೋಶದ ನಡುವೆ ಅಪರೂಪಕ್ಕೊಂದು ಲಿವರ್ ಮಾಡುವವರ ಹತ್ತಿರ ನಮ್ಮಮ್ಮನನ್ನು ನಾನು ಕಳಿಸಲ್ಲ.

ಕತ್ತಿ ಬಿದ್ದು ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ?

ಇಲ್ಲ. ಇಪ್ಪತ್ತನೇ ಸಲ ಹೇಳುತ್ತಿದ್ದೇನೆ.

ತಂದೆಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್, ಲಿವರ್‌ನಲ್ಲೂ ಇದೆ. ಅವರಿಗೂ ಇದೇ ಆಪರೇಷನ್ ಮಾಡಬಹುದಾ?

ಸಾಮಾನ್ಯವಾಗಿ ಮಾಡುವುದಿಲ್ಲ. ಮೇಲೆ ಹೇಳಿದ್ದು ಕರುಳಿನ ಕ್ಯಾನ್ಸರ್‌ಗೆ. ಎಲ್ಲಿಂದ ಬಂದದ್ದು ಅನ್ನುವುದರ ಮೇಲೇ ಲೆಕ್ಕ ನಿಂತಿದೆ. ದುಡ್ಡಿದೆ, ತೆಗೆದುಬಿಡಿ ಅಂದರೆ ಆಗುವುದಿಲ್ಲ.

ಲಕ್ಷ್ಮಣ ಫಲ, ಅಮೃತಬಳ್ಳಿ ಕಷಾಯ ಜೊತೆಗೆ ಕೊಡಬಹುದಾ?

ಹಣ್ಣು ರುಚಿಗೆ ತಿನ್ನಿ. ಕಷಾಯ ಬೇಡ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ವರದಿ 2021ರಲ್ಲಿ ಮುಂಬೈನಿಂದಲೇ ಬಂದಿದೆ. ನನ್ನ ಹತ್ತಿರ ಒಬ್ಬರು ಐದು ತಿಂಗಳು ತಡವಾಗಿ ಬಂದರು. ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ, ಒಳಗೆ ಯಾವುದೋ ತೊಗಟೆಯ ಪುಡಿ, ಮೇಲೆ ಚೀಟಿಯಲ್ಲಿ 'ಬೆಳಿಗ್ಗೆ 1 ಚಮಚ, ಬದನೆಕಾಯಿ ತಿನ್ನಬಾರದು'. ಮೊದಲ ಸಲ ನೋಡಿದಾಗ ಬಲಗಡೆ ಒಂದೇ ಗಡ್ಡೆ ಇತ್ತು. ಈಗ ಎರಡೂ ಕಡೆ, ಲೆಕ್ಕಕ್ಕೆ ಸಿಗದಷ್ಟು. ಪುಡಿ ಕೊಟ್ಟವನ ಫೋನ್ ಸ್ವಿಚ್ ಆಫ್ ಆಗಿತ್ತು. ಬದನೆಕಾಯಿ ಮಾತ್ರ ಅವರು ಒಂದು ದಿನವೂ ತಿಂದಿರಲಿಲ್ಲ.

ಆಪರೇಷನ್ ಆದಮೇಲೆ ಎಷ್ಟು ದಿನ ಚೆಕಪ್?

ಐದು ವರ್ಷ. ಮೊದಲೆರಡು ವರ್ಷ ಮೂರು-ನಾಲ್ಕು ತಿಂಗಳಿಗೊಮ್ಮೆ ಕ್ಯಾನ್ಸರ್ ಮತ್ತೆ ಬಂದರೆ ಸುಳಿವು ಕೊಡುವ ಸಿಇಎ ರಕ್ತಪರೀಕ್ಷೆ, ಡಾಕ್ಟರು ಹೇಳಿದಾಗೆಲ್ಲ ಸ್ಕ್ಯಾನ್. ಬರುವಾಗ ಸಿಡಿ ತನ್ನಿ.